ಸೆಕೆಂಡಿಗೆ ಸಾವಿರಾರು ಜೀವಕೋಶ ವಿಂಗಡಿಸುವ ಯಂತ್ರ: ವೇಗವೊಂದೇ ನೋಡಿ ಕೊಂಡರೆ ಸಾಕೆ?

ಡೆಂಗಿ ಬಂದಾಗ ಪ್ಲೇಟ್‌ಲೆಟ್ ಎಣಿಸುವ ಯಂತ್ರದ ಬಗ್ಗೆ ನೀವು ಕೇಳಿರುತ್ತೀರಿ. ಅದು ರಕ್ತಕಣಗಳನ್ನು ಎಣಿಸಿ ಹೊರಗೆ ಚೆಲ್ಲುತ್ತದೆ. ಸೆಲ್ ಸಾರ್ಟರ್ ಹಾಗಲ್ಲ. ಬೇಕಾದ ಜೀವಕೋಶವನ್ನು ಗುರುತಿಸಿ, ಜೀವಂತವಾಗಿಯೇ ಬೇರೆ ಟ್ಯೂಬಿಗೆ ಹಾಕಿಕೊಡುತ್ತದೆ. ಇದು ರಕ್ತದಿಂದ ಕ್ಯಾನ್ಸರ್ ಸೋಸಿ ತೆಗೆದು ರೋಗಿಯನ್ನು ಗುಣಪಡಿಸುವ ಯಂತ್ರ ಎಂದು ಯಾರಾದರೂ ವಿಡಿಯೋ ಕಳಿಸಿದರೆ ಫಾರ್ವರ್ಡ್ ಮಾಡಬೇಡಿ. ಇದಕ್ಕೆ ರೋಗಿಯನ್ನು ಜೋಡಿಸುವುದೇ ಇಲ್ಲ, ಇದು ಪ್ರಯೋಗಾಲಯದ ಉಪಕರಣ.

ಇದರ ಮೂಲ ಇರುವುದು ಇಂಕ್‌ಜೆಟ್ ಮುದ್ರಣದಲ್ಲಿ! ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಸ್ವೀಟ್ ಶಾಯಿಯ ಹನಿಗಳಿಗೆ ವಿದ್ಯುದಾವೇಶ ಕೊಟ್ಟು ಅವುಗಳ ದಾರಿ ತಿರುಗಿಸಿದ್ದರು. ಅಮೆರಿಕದ ಲಾಸ್ ಅಲಮೋಸ್‌ನಲ್ಲಿದ್ದ ಮ್ಯಾಕ್ ಫುಲ್‌ವೈಲರ್ 1965ರಲ್ಲಿ ಅದೇ ಉಪಾಯವನ್ನು ಜೀವಕೋಶಗಳಿಗೆ ಬಳಸಿದರು. ಇಂದಿನ ಯಂತ್ರದಲ್ಲಿ ಬಣ್ಣ ಹಚ್ಚಿದ ಜೀವಕೋಶಗಳು ಸಾಲಾಗಿ ಲೇಸರ್ ಮುಂದೆ ಹಾದುಹೋಗುತ್ತವೆ. ಹೊಳಪು ನೋಡಿ ಯಂತ್ರ ತೀರ್ಮಾನಿಸುತ್ತದೆ, ಹನಿ ಎಡಕ್ಕೋ ಬಲಕ್ಕೋ ವಾಲುತ್ತದೆ.

ವೇಗ ಬೇಕೇ ಬೇಕು. ಲಕ್ಷಕ್ಕೊಂದು ಇರುವ ಜೀವಕೋಶ 1,000 ಬೇಕೆಂದರೆ 10 ಕೋಟಿಯನ್ನು ಜಾಲಾಡಬೇಕು. ಸೆಕೆಂಡಿಗೆ 5,000 ಆದರೆ ಐದೂವರೆ ಗಂಟೆ, 20,000 ಆದರೆ ಸುಮಾರು 83 ನಿಮಿಷ. ಅಷ್ಟು ಹೊತ್ತು ಕಾಯುವ ಜೀವಕೋಶಗಳು ಸಾಯುತ್ತಲೂ ಇರುತ್ತವೆ.

ಆದರೆ ಕರಪತ್ರದಲ್ಲಿ ದಪ್ಪಕ್ಷರದಲ್ಲಿರುವ ಅಂಕಿ ಎಲ್ಲರಿಗೂ ಸಿಗುವುದಿಲ್ಲ. 70 ಮೈಕ್ರಾನ್ ನಾಜಲ್‌ನಲ್ಲಿ ಸೆಕೆಂಡಿಗೆ ಸುಮಾರು 90,000 ಹನಿ ಬೀಳುತ್ತವೆ. ಅದರಲ್ಲಿ 20,000 ಜೀವಕೋಶ ಬಿಟ್ಟರೆ, ನಮ್ಮ ಲೆಕ್ಕದಲ್ಲಿ, ಬೇಕಾದ ಐದರಲ್ಲಿ ಒಂದು ಇನ್ನೊಂದರ ಜೊತೆ ಒಂದೇ ಹನಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಶುದ್ಧತೆ ಬೇಕೆಂದರೆ ಆ ಹನಿಯನ್ನು ಬಿಟ್ಟುಬಿಡಬೇಕು, ಬೇಡವೆಂದರೆ ಕಲಬೆರಕೆ ಒಪ್ಪಿಕೊಳ್ಳಬೇಕು. ದೊಡ್ಡ, ನಾಜೂಕಾದ ಜೀವಕೋಶಗಳಿಗೆ 100 ಮೈಕ್ರಾನ್ ನಾಜಲ್, ಕಡಿಮೆ ಒತ್ತಡ ಬೇಕು. ಅಲ್ಲಿ ಹನಿಗಳು ಸುಮಾರು 30,000ಕ್ಕೆ ಇಳಿಯುತ್ತವೆ. ಅದೇ ವೇಗದಲ್ಲಿ ಓಡಿಸಿದರೆ ಹತ್ತಿರ ಹತ್ತಿರ ಅರ್ಧದಷ್ಟು ಕೈತಪ್ಪುತ್ತವೆ. ಹಾಗಾಗಿ ಸಣ್ಣ ರಕ್ತಕಣಗಳ ಮೇಲೆ ಕೆಲಸ ಮಾಡುವವರಿಗೆ ಒಪ್ಪುವ ಯಂತ್ರ ನರಕೋಶದವರಿಗೂ ಒಪ್ಪುತ್ತದೆ ಎನ್ನಲಾಗದು.

ಸೋಂಕಿರುವ ಮಾದರಿಯಾದರೆ ಇನ್ನೊಂದು ಚಿಂತೆ. ನಾಜಲ್ ಕಟ್ಟಿಕೊಂಡರೆ ಕಣ್ಣಿಗೆ ಕಾಣದ ತುಂತುರು ಗಾಳಿಗೆ ಸೇರುತ್ತದೆ. ಜೈವಿಕ ಸುರಕ್ಷತಾ ಕ್ಯಾಬಿನೆಟ್‌ನ ಹಣವನ್ನೂ ಅಂದಾಜಿನಲ್ಲೇ ಸೇರಿಸಬೇಕು. ಪಳಗಿದ ಆಪರೇಟರ್ ಸಂಬಳ, ವಾರ್ಷಿಕ ನಿರ್ವಹಣೆ, ಯುಪಿಎಸ್, ಎಸಿ ಬೇರೆ. ಯಂತ್ರದ ಬೆಲೆಯೇ ಸಾಮಾನ್ಯವಾಗಿ ಕೋಟಿ ರೂಪಾಯಿ ದಾಟುತ್ತದೆ, ಸರ್ಕಾರಿ ಸಂಸ್ಥೆಯಾದರೆ ಅದು ನಮ್ಮ ನಿಮ್ಮ ತೆರಿಗೆ ಹಣ. ಬರೀ ಎಣಿಕೆ ಸಾಕೆನ್ನುವವರಿಗೆ ಸಾರ್ಟರ್ ಬೇಕಾಗಿಯೇ ಇಲ್ಲ, ಅನಲೈಸರ್ ಸಾಕು. ವಾರಕ್ಕೊಮ್ಮೆ ಬಳಸುವವರು ಪಕ್ಕದ ಸಂಸ್ಥೆಯ ಯಂತ್ರದಲ್ಲಿ ಸಮಯ ಕೇಳುವುದೇ ಜಾಣತನ ಎಂದು ನಮಗನ್ನಿಸುತ್ತದೆ.

ಕೊಳ್ಳಲೇಬೇಕಾದವರು ಡೆಮೊಗೆ ಕಂಪನಿಯವರ ಪ್ಲಾಸ್ಟಿಕ್ ಮಣಿಗಳನ್ನಷ್ಟೇ ನಂಬಬಾರದು. ಮಣಿ ಸಾಯುವುದಿಲ್ಲವಲ್ಲ! ತಮ್ಮದೇ ಮಾದರಿ ಒಯ್ದು, ವಿಂಗಡಿಸಿದ್ದನ್ನು ಮತ್ತೊಮ್ಮೆ ಅದೇ ಯಂತ್ರದಲ್ಲಿ ಹಾಯಿಸಿ ಶುದ್ಧತೆ ನೋಡಬೇಕು. ಆಮೇಲೆ ಕಲ್ಚರ್‌ಗೆ ಹಾಕಿ, ಮರುದಿನ ಎಷ್ಟು ಬದುಕಿವೆ ಎಂದು ಎಣಿಸಬೇಕು.