ತಲೆಯ ಹೊರೆ ಇಳಿಸಿದ ಮಂತ್ರಿ

ಏಪ್ರಿಲ್ 14 ಬಂತೆಂದರೆ ಆರ್.ಟಿ. ನಗರದಿಂದ ಯಲಹಂಕದವರೆಗೆ ಅಂಬೇಡ್ಕರ್ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಭಾಷಣ ಸ್ಪರ್ಧೆ, ಸಿಹಿ ಹಂಚಿಕೆ ಎಲ್ಲ ಆಗುತ್ತವೆ. ಕೆಲವೆಡೆ ಎನ್ನೆಸ್ಸೆಸ್ ಹುಡುಗರು ಪೊರಕೆ ಹಿಡಿದು ಮೈದಾನ ಗುಡಿಸುವುದೂ ಉಂಟು. ಫೋಟೋ ತೆಗೆಸಿಕೊಂಡ ಮೇಲೆ ಪೊರಕೆ ಮೂಲೆ ಸೇರುತ್ತದೆ. ಮರುದಿನ ಮುಂಜಾನೆ ಅದೇ ಮೈದಾನದ ಮುಂದಿನ ರಸ್ತೆ ಗುಡಿಸುವವರು ಬೇರೆಯವರು.

ಆ ‘ಬೇರೆಯವರ’ ಬಗ್ಗೆ ತಲೆ ಕೆಡಿಸಿಕೊಂಡ ಒಬ್ಬ ರಾಜಕಾರಣಿ ಇದೇ ಯಲಹಂಕ ಕ್ಷೇತ್ರವನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸಿದ್ದರು. ಅವರು ಬಿ. ಬಸವಲಿಂಗಪ್ಪ. ಹೆಸರು ಹೇಳಿದೊಡನೆ ಹಿರಿಯರಿಗೆ ನೆನಪಾಗುವುದು ‘ಬೂಸಾ’ ಗಲಾಟೆ. 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದುಬಿಟ್ಟರು. ಊರೂರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ಹುಡುಗರ ಮೇಲೆ ಹಲ್ಲೆಗಳಾದವು, ಕೊನೆಗೆ ಮಂತ್ರಿಪದವಿಯೂ ಹೋಯಿತು. ಆ ಒಂದು ಮಾತಿನ ಸದ್ದಿನಲ್ಲಿ ಅವರು ಮಾಡಿದ್ದ ಕೆಲಸದ ನೆನಪು ಅಡಗಿಹೋದದ್ದು ವಿಚಿತ್ರ.

ಏನದು ಕೆಲಸ? ಹಳೆಯ ಬೆಂಗಳೂರಿನ ಮನೆಗಳ ಹಿಂದೆ ‘ಕನ್ಸರ್ವೆನ್ಸಿ’ ಎಂಬ ಕಿರಿದಾದ ಓಣಿ ಇರುತ್ತಿತ್ತು. ಅಜ್ಜ ಅಜ್ಜಿಯರನ್ನು ಕೇಳಿದರೆ ಹೇಳುತ್ತಾರೆ. ಮನೆಯ ಮುಂಬಾಗಿಲು ನೆಂಟರಿಗೆ, ಆ ಓಣಿ ಜಾಡಮಾಲಿಗೆ. ಕಕ್ಕಸಿನ ಹಿಂದಿನ ಕಿಂಡಿಯಿಂದ ಮಲವನ್ನು ಬಾಚಿ, ಬಕೆಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಸಾಗಿಸಬೇಕಿತ್ತು. ಮಳೆಗಾಲದಲ್ಲಿ ಅದು ಮುಖದ ಮೇಲೆ ಸುರಿಯುತ್ತಿತ್ತು. ಈ ಕೆಲಸಕ್ಕೆ ಅರ್ಜಿ ಹಾಕಿ ಬಂದವರಾರೂ ಇರಲಿಲ್ಲ. ಜಾತಿಯೇ ನೇಮಕಾತಿ ಪತ್ರ. ಕರುಳಿನ ಬೇನೆ, ಕಾಮಾಲೆ, ಚರ್ಮರೋಗ, ಕೊಕ್ಕೆಹುಳು ಅದರ ಬಳುವಳಿ.

ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಖಾತೆ ಹೊಂದಿದ್ದ ಬಸವಲಿಂಗಪ್ಪನವರು ಎಪ್ಪತ್ತರ ದಶಕದ ಆರಂಭದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ಸಂಸತ್ತು ಅಂಥ ಕಾನೂನು ತಂದದ್ದು 1993ರಲ್ಲಿ. ಪೌರಕಾರ್ಮಿಕರ ಸ್ಥಿತಿಗತಿ ಕುರಿತು ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ವರದಿ ಕೊಟ್ಟಿತು. ಐನೂರು ಜನಕ್ಕೆ ಒಬ್ಬ ಪೌರಕಾರ್ಮಿಕರಿರಬೇಕೆಂಬ ಅದರ ಮಾತನ್ನು ಕಾರ್ಮಿಕ ಸಂಘಗಳು ಇಂದಿಗೂ ಎತ್ತಿ ಹಿಡಿಯುತ್ತವೆ.

ಹಾಗೆಂದು ಆದೇಶ ಹೊರಟ ದಿನವೇ ಎಲ್ಲ ಬದಲಾಯಿತೆಂದು ಮಕ್ಕಳಿಗೆ ಹೇಳಿದರೆ ಅದು ಸುಳ್ಳು. ಕೆ.ಜಿ.ಎಫ್.ನಲ್ಲಿ ಇದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್, ಚಿನ್ನದ ಗಣಿ ಊರಿನ ಒಣ ಕಕ್ಕಸುಗಳ ವಿರುದ್ಧ ಹೋರಾಟಕ್ಕಿಳಿದದ್ದು ಬಸವಲಿಂಗಪ್ಪನವರ ನಿಷೇಧ ಬಂದು ಎಷ್ಟೋ ವರ್ಷಗಳಾದ ಮೇಲೆ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯೆದುರು ಮೈಗೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ನಾಡು ಬೆಚ್ಚಿತು. ಬೆಚ್ಚಲು ಅಷ್ಟು ಬೇಕಾಯಿತು.

ಇಂದು ಬಕೆಟ್ ಕಕ್ಕಸು ಕಾಣುವುದಿಲ್ಲ. ಹೊರೆ ತಲೆಯಿಂದಿಳಿದು ಮ್ಯಾನ್‌ಹೋಲ್ ಸೇರಿದೆ. ವಿಜ್ಞಾನ ಓದುವ ಮಕ್ಕಳಿಗೆ ಹೈಡ್ರೋಜನ್ ಸಲ್ಫೈಡ್ ಗೊತ್ತು, ಕೊಳೆತ ಮೊಟ್ಟೆಯ ವಾಸನೆ. ಪಾಠದಲ್ಲಿ ಒತ್ತಿ ಹೇಳಬೇಕಾದ ಸಂಗತಿ ಬೇರೆಯಿದೆ. ಪ್ರಮಾಣ ಹೆಚ್ಚಿದಾಗ ಈ ಅನಿಲ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ಒಳಗಿಳಿದವನಿಗೆ ವಾಸನೆ ಹೋಯಿತೆನಿಸುತ್ತದೆ, ಮರುಕ್ಷಣ ಪ್ರಜ್ಞೆ ತಪ್ಪುತ್ತದೆ. ಅವನನ್ನು ಎಳೆಯಲು ಇಳಿದವನಿಗೂ ಅದೇ ಗತಿ. ಇಂಥ ಸಾವಿನ ಸುದ್ದಿಗಳಲ್ಲಿ ಇಬ್ಬರು, ಮೂವರು ಒಟ್ಟಿಗೆ ಸತ್ತರೆಂದು ಬರುವುದು ಇದಕ್ಕೇ. 2013ರ ಕಾಯ್ದೆ ರಕ್ಷಣೆಯಿಲ್ಲದೆ ಗುಂಡಿಗಿಳಿಸುವುದನ್ನು ಅಪರಾಧವೆನ್ನುತ್ತದೆ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರವೆಂದು ತೀರ್ಪಿತ್ತಿತು. ಪಾಲಿಕೆಯ ಮ್ಯಾನ್‌ಹೋಲಿಗಷ್ಟೇ ಅಲ್ಲ, ಅಪಾರ್ಟ್‌ಮೆಂಟಿನ ಮಲದ ಗುಂಡಿಗೂ ಕಾಯ್ದೆ ಒಂದೇ. ಹೆಬ್ಬಾಳದ ಆಚೀಚೆ ಎದ್ದಿರುವ ಗೋಪುರಗಳ ನಿವಾಸಿಗಳ ಸಂಘದವರು ಗುತ್ತಿಗೆದಾರನನ್ನು ಕೇಳಬೇಕಾದ ಮೊದಲ ಪ್ರಶ್ನೆ ದರದ್ದಲ್ಲ. ಯಂತ್ರ ತರುತ್ತೀಯೋ, ಮನುಷ್ಯನನ್ನು ಇಳಿಸುತ್ತೀಯೋ ಎಂಬುದು.

ಎನ್ನೆಸ್ಸೆಸ್ ಶಿಬಿರಕ್ಕೆ ಒಳ್ಳೆಯ ವಿಷಯ ಹುಡುಕುವವರಿಗೆ ದೂರ ಹೋಗಬೇಕಿಲ್ಲ. ಯಲಹಂಕದ ಕೊಳಚೆ ಜಕ್ಕೂರು ಕೆರೆಯ ಬಳಿಯ ಶುದ್ಧೀಕರಣ ಘಟಕಕ್ಕೆ ಹರಿಯುತ್ತದೆ. ಮನೆಯ ಕಕ್ಕಸಿನಿಂದ ಅಲ್ಲಿಯವರೆಗಿನ ದಾರಿಯಲ್ಲಿ ಎಲ್ಲೆಲ್ಲಿ ಮನುಷ್ಯರ ಕೈ ತಾಗುತ್ತದೆಂದು ಹುಡುಗರು ಹೋಗಿ ನೋಡಿ ಬರೆಯಬಹುದು. ಒಡೆದ ಗಾಜು, ಇಂಜೆಕ್ಷನ್ ಸೂಜಿ, ಮುಟ್ಟಿನ ಪ್ಯಾಡುಗಳನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿ ಗುರುತು ಹಾಕಿ ಕೊಡುವುದನ್ನು ತಾಯಂದಿರಷ್ಟೇ ಅಲ್ಲ, ಗಂಡುಮಕ್ಕಳೂ ಕಲಿಯಬೇಕು. ಗಾಜು ಕೊಯ್ದ ಕೈಗೆ ದಿನಗೂಲಿ ನಿಂತುಹೋಗುತ್ತದೆ.

ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಶಾಲು ಹೊದಿಸಿ ಕಳಿಸುವ ಕಾರ್ಯಕ್ರಮಗಳಿಗೆ ಕೊರತೆಯಿಲ್ಲ. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟು ಬರುವ ಈ ಹೆಂಗಸರಿಗೆ ಕೆಲಸದ ಬೀದಿಯಲ್ಲಿ ಶೌಚಾಲಯವಿಲ್ಲ. ಅದಕ್ಕೆ ಹೆದರಿ ನೀರು ಕುಡಿಯದೆ ಕೆಲಸ ಮಾಡುತ್ತಾರೆ, ಮೂತ್ರದ ಸೋಂಕು ತಂದುಕೊಳ್ಳುತ್ತಾರೆ. ಶಾಲೆಯೊಂದು ಬೆಳಗಿನ ಎರಡು ಗಂಟೆ ತನ್ನ ಗೇಟು ತೆರೆದು, ಶೌಚಾಲಯ ಬಳಸಲು ಬಿಟ್ಟು, ಒಂದು ಬಿಂದಿಗೆ ಕುಡಿಯುವ ನೀರಿಟ್ಟರೆ ಅದಕ್ಕೆ ಯಾವ ಇಲಾಖೆಯ ಸುತ್ತೋಲೆಯೂ ಬೇಕಿಲ್ಲ.