ಕಡೆಯ ವರ್ಷದ ವಿದ್ಯೆ ಊರಿನ ನೀರಿಗೆ ಒದಗಲಿ

ರಸಾಯನ ತಂತ್ರಶಾಸ್ತ್ರದ ಪದವಿ ನಾಲ್ಕು ವರ್ಷಗಳದು. ಆರಂಭದಲ್ಲಿ ಗಣಿತ, ಭೌತ, ರಸಾಯನಗಳ ತಳಹದಿ. ಕೊನೆಯ ವರ್ಷಗಳಲ್ಲಿ ಕ್ರಿಯಾಪಾತ್ರೆಗಳ ವಿನ್ಯಾಸ, ಪ್ರಕ್ರಿಯೆಯ ನಿಯಂತ್ರಣ, ವೆಚ್ಚದ ಲೆಕ್ಕ, ಸುರಕ್ಷತೆ. ಪಾತ್ರೆ ಹಿಗ್ಗಿದಂತೆ ಒಳಗೆ ಹುಟ್ಟುವ ಉಷ್ಣವು ಗಾತ್ರದೊಡನೆ ಬೆಳೆಯುವುದು. ಅದನ್ನು ಹೊರಗೊಯ್ಯುವ ಮೈಯಗಲವು ಅಷ್ಟು ಬೆಳೆಯದು. 1984ರಲ್ಲಿ ಭೋಪಾಲದ ವಿಷದ ತೊಟ್ಟಿಗೆ ನೀರು ಹೊಕ್ಕು ಕಾವೇರಿದಾಗ ತಂಪುಗೊಳಿಸುವ ಯಂತ್ರವು ನಿಂತಿತ್ತು. ಆದುದರಿಂದ ಈ ಪಾಠಗಳು ಕೇವಲ ಪರೀಕ್ಷೆಗಾಗಿ ಅಲ್ಲ.

ಸಿದ್ಧಗಂಗಾ ಮಠವು 1963ರಲ್ಲಿ ತುಮಕೂರಿನಲ್ಲಿ ಸ್ಥಾಪಿಸಿದ ತಾಂತ್ರಿಕ ವಿದ್ಯಾಲಯದಲ್ಲಿ ಈ ಶಾಸ್ತ್ರದ ಬೋಧನೆಯೂ ಉಂಟು. ನಮ್ಮ ಶಾಲೆಗಳಿಂದ ಹೊರಟ ಮಕ್ಕಳು ಅಂತಹ ಕಡೆ ಓದುವುದು ಸಂತೋಷವೇ ಸರಿ. ಆದರೆ ಆ ವಿದ್ಯೆ ಮಾಸ್ತಿಯ ಕಡೆಗೆ ಮರಳುವುದೆಂದು?

ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಹಲ್ಲು ಕಲೆಗಟ್ಟುವುದು, ಮೂಳೆ ಬಿಗಿಯುವುದು ಅದರ ಫಲ. ಊರೂರಿನ ಶುದ್ಧ ನೀರಿನ ಘಟಕಗಳು ಅದನ್ನು ಸೋಸುತ್ತವೆ, ನಾಶಮಾಡುವುದಿಲ್ಲ. ಸೋಸಿ ಉಳಿದ ನೀರಿನಲ್ಲಿ ಫ್ಲೋರೈಡು ಮತ್ತಷ್ಟು ಸಾಂದ್ರವಾಗುತ್ತದೆ. ಅದು ಚರಂಡಿ ಸೇರಿದರೆ ಮತ್ತೆ ನಮ್ಮ ನೆಲಕ್ಕೇ ಅಲ್ಲವೇ? ಒಳಹೊಕ್ಕ ದ್ರವ್ಯವೆಲ್ಲಕ್ಕೂ ಲೆಕ್ಕ ಕೊಡಬೇಕೆಂಬುದು ಈ ಶಾಸ್ತ್ರದ ಮೊದಲ ನಿಯಮ.

ಅಂತಿಮ ವರ್ಷದ ಯೋಜನಾಕಾರ್ಯಕ್ಕೆ ಇದಕ್ಕಿಂತ ಯೋಗ್ಯ ವಿಷಯವುಂಟೆ? ಹಳೆಯ ವಿದ್ಯಾರ್ಥಿಗಳು ಮಾರ್ಗದರ್ಶನವೀಯಲಿ. ದಾನಿಗಳು ಅಂತಹ ಕಾರ್ಯಕ್ಕೆ ಬಹುಮಾನವಿರಿಸಲಿ. ವರದಿಯು ರೈತನಿಗೆ ತಿಳಿಯುವ ಕನ್ನಡದಲ್ಲಿರಲಿ. ಕಲಿತದ್ದು ಕಾಯಕ, ಅದನ್ನು ಊರಿಗೆ ಹಂಚಿದಾಗಲೇ ದಾಸೋಹ.