ಕೊನೆ ಗಳಿಗೆಯ ಘೋಷಣೆಗೆ ಹೊಣೆ ಯಾರು?

ನವದೆಹಲಿ ರೈಲು ನಿಲ್ದಾಣದಲ್ಲಿ 2025ರ ಫೆಬ್ರುವರಿ 15ರ ರಾತ್ರಿ ನಡೆದ ಕಾಲ್ತುಳಿತದಲ್ಲಿ 18 ಮಂದಿ ಸತ್ತರು. ಮಹಾಕುಂಭಕ್ಕೆ ಹೊರಟವರಿಂದ ನಿಲ್ದಾಣ ಕಿಕ್ಕಿರಿದಿತ್ತು. ‘ಪ್ರಯಾಗ್‌ರಾಜ್ ಎಕ್ಸ್‌ಪ್ರೆಸ್’ ಮತ್ತು ‘ಪ್ರಯಾಗ್‌ರಾಜ್ ಸ್ಪೆಷಲ್’ ಎಂಬ ಹೆಸರುಗಳು ಘೋಷಣೆಯಲ್ಲಿ ಕಲಸಿಹೋಗಿ, ತಮ್ಮ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ತಿಳಿಯದೆ ಜನ ನುಗ್ಗಿದರು ಎಂದು ದೆಹಲಿ ಪೊಲೀಸರು ಹೇಳಿದರು. ಪ್ಲಾಟ್‌ಫಾರ್ಮ್ ಬದಲಾಗಿರಲೇ ಇಲ್ಲ ಎಂದಿತು ರೈಲ್ವೆ. ಪ್ರಯಾಣಿಕರೊಬ್ಬರ ತಲೆಯ ಮೇಲಿದ್ದ ದೊಡ್ಡ ಗಂಟು ಮೆಟ್ಟಿಲ ಮೇಲೆ ಬಿದ್ದದ್ದೇ ದುರಂತಕ್ಕೆ ಕಾರಣವೆಂದು ತನಿಖೆಯಲ್ಲಿ ಕಂಡುಬಂದಿದೆ ಎಂದು ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ರಾಜ್ಯಸಭೆಗೆ ತಿಳಿಸಿದರು.

ಎರಡೂ ಮಾತು ನಿಜವಿರಬಹುದು. ನಿಲ್ದಾಣದಲ್ಲಿ ಗಂಟು–ಮೂಟೆ ಬೀಳುವುದು ದಿನನಿತ್ಯದ ಸಂಗತಿ. ಆದರೆ ಅಷ್ಟು ಜನ ಒಂದೇ ಮೆಟ್ಟಿಲ ಮೇಲೆ, ಒಂದೇ ಹೊತ್ತಿಗೆ, ಅಷ್ಟು ಅವಸರದಲ್ಲಿ ಏಕಿದ್ದರು ಎಂಬ ಪ್ರಶ್ನೆಗೆ ಗಂಟು ಉತ್ತರವಾಗುವುದಿಲ್ಲ.

ಈ ಪ್ರಶ್ನೆ ಹೊಸದೂ ಅಲ್ಲ. ಇದೇ ನವದೆಹಲಿ ನಿಲ್ದಾಣದಲ್ಲಿ 2010ರ ಮೇ ತಿಂಗಳಲ್ಲಿ ಬಿಹಾರದತ್ತ ಹೊರಟವರ ನಡುವೆ ಕಾಲ್ತುಳಿತವಾಗಿ ಇಬ್ಬರು ಸತ್ತರು. ಪ್ಲಾಟ್‌ಫಾರ್ಮ್ ಬದಲಾವಣೆಯನ್ನು ಕೊನೆ ಗಳಿಗೆಯಲ್ಲಿ ಘೋಷಿಸಿದ್ದೇ ಕಾರಣವೆಂದು ಆಗ ವರದಿಯಾಗಿತ್ತು. 2013ರ ಫೆಬ್ರುವರಿ 10ರಂದು, ಮೌನಿ ಅಮಾವಾಸ್ಯೆಯ ಸ್ನಾನ ಮುಗಿಸಿ ಊರಿಗೆ ಹೊರಟಿದ್ದ ಕನಿಷ್ಠ 36 ಯಾತ್ರಿಕರು ಅಲಹಾಬಾದ್ ಜಂಕ್ಷನ್ನಿನಲ್ಲಿ ಪ್ರಾಣ ಕಳೆದುಕೊಂಡರು. ಅಲ್ಲಿಯೂ ಬದುಕುಳಿದವರು ದೂರಿದ್ದು ಅಂಥದೇ ಘೋಷಣೆಯನ್ನು. ನಿತ್ಯದ ದಿನಗಳಲ್ಲಿ ಇದೇ ಗೊಂದಲ ರೈಲು ತಪ್ಪಿಸುತ್ತದೆ, ಮಂಡಿ ತರಚುತ್ತದೆ, ಜಗಳ ಹಚ್ಚುತ್ತದೆ. ಸಾವಾಗದ ಕಾರಣ ಸುದ್ದಿಯಾಗುವುದಿಲ್ಲ, ಅಷ್ಟೆ.

ಪ್ಲಾಟ್‌ಫಾರ್ಮ್ ಬದಲಿಸುವವರಿಗೂ ಅವರದೇ ಕಷ್ಟಗಳಿವೆ, ಒಪ್ಪೋಣ. ಹಿಂದಿನ ರೈಲು ತಡವಾಗಿ ಹೊರಟರೆ ಅದರ ಜಾಗಕ್ಕೆ ಬರಬೇಕಾದದ್ದು ಔಟರ್‌ನಲ್ಲಿ ಕಾಯಬೇಕು. ಅದನ್ನು ಹೊರಗೆ ನಿಲ್ಲಿಸುವುದೋ, ಖಾಲಿ ಇರುವ ಬೇರೆ ಪ್ಲಾಟ್‌ಫಾರ್ಮಿಗೆ ತೆಗೆದುಕೊಳ್ಳುವುದೋ ಎಂಬ ತೀರ್ಮಾನವನ್ನು ಸ್ಟೇಷನ್ ಮಾಸ್ಟರ್ ಮತ್ತು ಕಂಟ್ರೋಲ್ ಕಚೇರಿ ಕೆಲವೇ ನಿಮಿಷಗಳಲ್ಲಿ ಮಾಡಬೇಕು. ಉದ್ದನೆಯ ರೈಲು ಎಲ್ಲ ಪ್ಲಾಟ್‌ಫಾರ್ಮಿಗೂ ಹಿಡಿಸುವುದಿಲ್ಲ. ಯಾರ್ಡಿನಲ್ಲಿ ಒಂದು ರೈಲಿನ ದಾರಿ ಇನ್ನೊಂದಕ್ಕೆ ಅಡ್ಡ ಬರುತ್ತದೆ. ದೂರದಿಂದ ಬಂದು ಮುಂದೆ ಸಾಗುವ ರೈಲಿನ ವಿಷಯದಲ್ಲಿ ಈ ಸಮರ್ಥನೆಯನ್ನು ಒಪ್ಪಬಹುದು.

ಆದರೆ ಅದೇ ನಿಲ್ದಾಣದಿಂದ ಹೊರಡುವ ರೈಲಿಗೆ ಇದು ಅಷ್ಟಾಗಿ ಅನ್ವಯಿಸದು. ಬೆಂಗಳೂರಿನ ಕೆಎಸ್‌ಆರ್, ಯಶವಂತಪುರ, ಎಸ್‌ಎಂವಿಟಿ ನಿಲ್ದಾಣಗಳಿಂದ ಸಂಜೆ ಹೊರಡುವ ಅನೇಕ ರೈಲುಗಳ ಬೋಗಿಗಳು ಅದಕ್ಕೂ ಮುಂಚೆ ರೈಲ್ವೆಯದೇ ಯಾರ್ಡಿನಲ್ಲಿ, ಪಿಟ್‌ಲೈನಿನಲ್ಲಿ ತೊಳೆಸಿಕೊಳ್ಳುತ್ತ ನಿಂತಿರುತ್ತವೆ. ಅವನ್ನು ಎಲ್ಲಿಗೆ, ಎಷ್ಟು ಹೊತ್ತಿಗೆ ತಂದು ನಿಲ್ಲಿಸಬೇಕೆಂಬುದು ಬಹುಮಟ್ಟಿಗೆ ರೈಲ್ವೆಯ ಕೈಯಲ್ಲೇ ಇದೆ. ಮೀಸಲಾತಿಯ ಮೊದಲ ಚಾರ್ಟನ್ನು ಹೊರಡುವ ನಾಲ್ಕು ತಾಸಿಗೆ ಮುಂಚೆ ಸಿದ್ಧಪಡಿಸುತ್ತಿದ್ದ ಇಲಾಖೆ 2025ರ ಜುಲೈನಿಂದ ಅದನ್ನು ಎಂಟು ತಾಸಿಗೆ ಹಿಗ್ಗಿಸಿತು. ಯಾವ ಬರ್ತಿನಲ್ಲಿ ಯಾರು ಮಲಗುತ್ತಾರೆಂದು ಹಲವು ತಾಸು ಮೊದಲೇ ಹೇಳಬಲ್ಲ ವ್ಯವಸ್ಥೆ, ಆ ಬರ್ತು ಎಲ್ಲಿ ಬಂದು ನಿಲ್ಲುತ್ತದೆಂದು ಅರ್ಧ ತಾಸು ಮೊದಲು ಖಚಿತವಾಗಿ ಹೇಳಲಾಗದೇ?

ಜನರಿಗೆ ಶಿಸ್ತಿಲ್ಲ ಎಂಬುದು ಇಂಥ ಸಂದರ್ಭದಲ್ಲಿ ಸುಲಭವಾಗಿ ಬರುವ ಮಾತು. ಜನರಲ್ ಬೋಗಿಯ ಪ್ರಯಾಣಿಕನ ಜಾಗದಲ್ಲಿ ನಿಂತು ಯೋಚಿಸಿದರೆ ಅದು ನಿಲ್ಲದು. ಅವನ ಟಿಕೆಟ್ಟಿನಲ್ಲಿ ಸೀಟಿನ ನಂಬರಿಲ್ಲ. ಮೊದಲು ಬಂದು ಸಾಲಿನಲ್ಲಿ ನಿಂತದ್ದೇ ಅವನ ಮೀಸಲಾತಿ. ಪ್ಲಾಟ್‌ಫಾರ್ಮ್ ಬದಲಾಯಿತೆಂದು ಘೋಷಿಸಿದ ಕ್ಷಣವೇ ಎರಡು ತಾಸು ಕಾದವನೂ ಈಗಷ್ಟೇ ಆಟೊ ಇಳಿದವನೂ ಸಮನಾಗುತ್ತಾರೆ. ಆಮೇಲೆ ಸೀಟು ಸಿಗುವುದು ಕಾಲಿನ ಬಲ ಇದ್ದವನಿಗೆ. ಗಾಲಿಕುರ್ಚಿಯಲ್ಲಿ ಇರುವವರು, ಬಸುರಿ, ಎರಡು ಮಕ್ಕಳನ್ನು ಎಳೆದುಕೊಂಡು ಬಂದ ತಾಯಿ, ಮಂಡಿನೋವಿನ ಅಜ್ಜ ಆ ಓಟದಲ್ಲಿ ಸೋಲುವುದು ಮೊದಲೇ ನಿಶ್ಚಯವಾಗಿರುತ್ತದೆ. ಮೀಸಲು ಸೀಟಿದ್ದವರೂ ನಿಶ್ಚಿಂತರಲ್ಲ. ಹುಬ್ಬಳ್ಳಿಯಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರ್. ಅಂಥಲ್ಲಿ ಪ್ಲಾಟ್‌ಫಾರ್ಮ್ ನಂಬರ್ ತಿಳಿದರೆ ಸಾಲದು, ಬೋಗಿ ಯಾವ ತುದಿಗೆ ಬರುತ್ತದೆಂಬುದೂ ಮೊದಲೇ ತಿಳಿಯಬೇಕು.

ಮೊಬೈಲ್ ಆ್ಯಪ್ ನೋಡಿಕೊಳ್ಳಿ ಎಂಬ ಸಲಹೆಯೂ ಅರ್ಧ ಪರಿಹಾರ. ಆ್ಯಪ್ ತೋರಿಸುವ ಪ್ಲಾಟ್‌ಫಾರ್ಮ್ ನಂಬರ್ ಬದಲಾಗಬಹುದಾದದ್ದು, ಸ್ಮಾರ್ಟ್‌ಫೋನ್ ಎಲ್ಲರ ಕೈಯಲ್ಲೂ ಇಲ್ಲ. ಉಳಿಯುವುದು ಧ್ವನಿವರ್ಧಕ. ಅದು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೇಳಿ ಮುಗಿಸುವಷ್ಟರಲ್ಲಿ ಪಕ್ಕದ ಹಳಿಯ ಎಂಜಿನ್ ಹಾರ್ನ್ ಅರ್ಧವನ್ನು ನುಂಗಿರುತ್ತದೆ. ಹಾಗಾಗಿ ಸರಿಯಾಗಿ ಕೇಳಿಸದವರು ಓಡುತ್ತಿರುವವರ ಹಿಂದೆ ಓಡುತ್ತಾರೆ.

ಇದು ನಮ್ಮ ದೇಶಕ್ಕಷ್ಟೇ ಸೀಮಿತವಲ್ಲ. ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ಜನ ಫಲಕದತ್ತ ಕತ್ತೆತ್ತಿ ನಿಂತು, ನಂಬರ್ ಕಂಡ ಕೂಡಲೇ ಓಡುವುದು ಕುಖ್ಯಾತ. ಟೀಕೆ ಹೆಚ್ಚಿದ ಮೇಲೆ 2024ರ ಅಕ್ಟೋಬರಿನಲ್ಲಿ ಅಲ್ಲಿನ ಸಾರಿಗೆ ಸಚಿವೆ ಮಧ್ಯಪ್ರವೇಶಿಸಿದರು. ನಿಲ್ದಾಣದೊಳಗಿನ ಬೃಹತ್ ಜಾಹೀರಾತು ಪರದೆಯನ್ನು ಆರಿಸಲಾಯಿತು. ಜರ್ಮನಿಯ ನಿಲ್ದಾಣಗಳಲ್ಲಿ ಗೋಡೆಗೆ ಅಂಟಿಸುವ ವೇಳಾಪಟ್ಟಿಯಲ್ಲೇ ಪ್ಲಾಟ್‌ಫಾರ್ಮ್ ನಂಬರ್ ಅಚ್ಚಾಗಿರುತ್ತದೆ. ಅಲ್ಲಿಯೂ ಈಗ ರೈಲುಗಳು ತಡವಾಗುತ್ತವೆ, ಪ್ಲಾಟ್‌ಫಾರ್ಮ್ ಬದಲಾಗುವುದೂ ಉಂಟು. ಆದರೂ ಅಚ್ಚಾದ ನಂಬರೇ ನಿಯಮ, ಬದಲಾವಣೆ ಅಪವಾದ ಎಂಬ ತಿಳಿವಳಿಕೆಯ ಮೇಲೆ ಆಡಳಿತ ನಡೆಯುತ್ತದೆ.

ದೆಹಲಿ ದುರಂತದ ನಂತರ ರೈಲ್ವೆ 73 ನಿಲ್ದಾಣಗಳನ್ನು ಗುರುತಿಸಿ, ಜನ ಹೊರಗೇ ಕಾಯಲು ಶಾಶ್ವತ ತಂಗುದಾಣ, ಅಗಲವಾದ ಮೇಲ್ಸೇತುವೆ, ಪ್ರವೇಶ ನಿಯಂತ್ರಣ ಮುಂತಾದ ಕ್ರಮಗಳನ್ನು ಪ್ರಕಟಿಸಿತು. ಇವೆಲ್ಲ ಬೇಕಾದ ಕೆಲಸಗಳೇ. ಆದರೆ ತಂಗುದಾಣದಲ್ಲಿ ಶಿಸ್ತಾಗಿ ಕೂತ ಸಾವಿರಾರು ಜನರಿಗೆ ರೈಲು ಹೊರಡಲು ಹತ್ತು ನಿಮಿಷವಿದೆ ಎನ್ನುವಾಗ ನಂಬರ್ ಹೇಳಿದರೆ, ನೂಕುನುಗ್ಗಲು ಮೆಟ್ಟಿಲಿನಿಂದ ಗೇಟಿಗೆ ಸ್ಥಳ ಬದಲಿಸುತ್ತದೆ, ಅಷ್ಟೆ. ಗುಂಪಿನ ನಿರ್ವಹಣೆ ಮಾಹಿತಿಯಿಂದ ಶುರುವಾಗಬೇಕು.

ಕಾನೂನಿನ ಓರೆಯನ್ನೂ ಗಮನಿಸಿ. ಗಾಬರಿಯಲ್ಲಿ ಹಳಿ ದಾಟಿ ಆಚೆಯ ಪ್ಲಾಟ್‌ಫಾರ್ಮ್ ಹತ್ತಿದವನಿಗೆ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ರೈಲು ಹತ್ತುವಾಗ, ಇಳಿಯುವಾಗ ಬಿದ್ದವರು ಪರಿಹಾರಕ್ಕೆ ಅರ್ಹರೆಂದು ಸುಪ್ರೀಂ ಕೋರ್ಟ್ 2018ರ ರೀನಾ ದೇವಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಓಡಿದವನಿಗೆ ದಂಡವಿದೆ, ಬಿದ್ದವನಿಗೆ ಪರಿಹಾರವಿದೆ. ಓಡಿಸಿದವರು ಮಾತ್ರ ಲೆಕ್ಕಕ್ಕೇ ಬರುವುದಿಲ್ಲ. ರೈಲ್ವೆ ಅಳೆಯುವುದು ರೈಲು ಕೊನೆಯ ನಿಲ್ದಾಣವನ್ನು ವೇಳೆಗೆ ಸರಿಯಾಗಿ ಮುಟ್ಟಿತೇ ಎಂಬುದನ್ನು. ಹತ್ತಬೇಕಾದವರು ಹತ್ತಿದರೇ ಎಂಬುದು ಆ ಅಳತೆಯಲ್ಲಿ ಇಲ್ಲ. ಹೀಗಿರುವಾಗ ರೈಲಿನ ನಾಲ್ಕು ನಿಮಿಷ ಉಳಿಸಲು ಪ್ರಯಾಣಿಕರನ್ನು ಓಡಿಸುವುದೇ ಲಾಭದ ವ್ಯವಹಾರವಾಗುತ್ತದೆ.

ಇದನ್ನು ತಿರುಗಿಸಲು ಮೂರು ನಿಯಮ ಸಾಕು. ನಿಲ್ದಾಣದಿಂದಲೇ ಹೊರಡುವ ರೈಲಿನ ಪ್ಲಾಟ್‌ಫಾರ್ಮನ್ನು ಅರ್ಧ ತಾಸು ಮುಂಚೆ ಘೋಷಿಸಿ, ಆಮೇಲೆ ಬದಲಿಸಬಾರದು. ಅನಿವಾರ್ಯವಾಗಿ ಬದಲಿಸಿದರೆ, ವಯಸ್ಸಾದವರೊಬ್ಬರು ಲಗೇಜಿನೊಡನೆ ಹೊಸ ಪ್ಲಾಟ್‌ಫಾರ್ಮ್ ತಲುಪಲು ಬೇಕಾಗುವಷ್ಟು ಹೊತ್ತು ರೈಲನ್ನು ನಿಲ್ಲಿಸಬೇಕು. ಎರಡು ನಿಮಿಷ ಮಾತ್ರ ನಿಲುಗಡೆ ಇರುವ ಸಣ್ಣ ಊರುಗಳಲ್ಲಿ ಇದು ಇನ್ನೂ ಮುಖ್ಯ. ಪ್ರತಿ ನಿಲ್ದಾಣವೂ ತಡವಾಗಿ ಮಾಡಿದ ಬದಲಾವಣೆಗಳ ಸಂಖ್ಯೆ ಮತ್ತು ಕಾರಣವನ್ನು ತಿಂಗಳಿಗೊಮ್ಮೆ ಪ್ರಕಟಿಸಬೇಕು. ಇವಕ್ಕೆ ಹೊಸ ಹಳಿ, ಹೊಸ ಸೇತುವೆ ಬೇಕಿಲ್ಲ. ಒಂದು ಆದೇಶ ಸಾಕು. ರೈಲ್ವೆ ಮಂಡಳಿ ಅದನ್ನು ಮುಂದಿನ ಹಬ್ಬದ ದಟ್ಟಣೆಗೆ ಮೊದಲೇ ಹೊರಡಿಸಲಿ.